ಹುಬ್ಬು ನಂಬಿದ ಡಾಕ್ಟರ್

ಚನ್ನಕೇಶವ ಸರ್ ಮನುಷ್ಯರ ಮುಖದಲ್ಲಿ ನೋಡುತ್ತಿದ್ದದ್ದು ಹುಬ್ಬು ಒಂದನ್ನೇ. ಕಣ್ಣು, ಮೂಗು, ಬಾಯಿ ಎಲ್ಲ ಅವರ ಪಾಲಿಗೆ ಹುಬ್ಬಿನ ಕೆಳಗೆ ಜಾಗ ಖಾಲಿ ಬಿಡಬಾರದೆಂದು ಇಟ್ಟ ಸಾಮಾನು. ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಯಾವಳಾದರೂ ಮಗುವನ್ನು ಎತ್ತಿಕೊಂಡು ಬಂದು, "ಸಾರ್, ಗೊತ್ತಾಗ್ಲಿಲ್ವಾ? ನಮ್ ಹೆರಿಗೇಲಿ ನೀವೇ ಸೂಜಿ ಹಾಕಿದ್ದು" ಅಂದರೆ ಅವಳ ಹಣೆಯ ಕಡೆ ನೋಡಿ, "ಹ್ಞಾ, ಎಡಗಡೆ ಹುಬ್ಬು ಮೊದ್ಲು ಎದ್ದವಳು. ಬಲಗಡೇದು ಲೇಟು" ಅನ್ನುತ್ತಿದ್ದರು. ಹೆಸರು ಕೇಳುತ್ತಿರಲಿಲ್ಲ. ಮಗು ಗಂಡೋ ಹೆಣ್ಣೋ ಅಂತಲೂ ಕೇಳುತ್ತಿರಲಿಲ್ಲ. ಪಾಪ ಅವಳು ಏನೂ ತಿಳಿಯದೆ ಹುಬ್ಬು ಮುಟ್ಟಿಕೊಳ್ಳುತ್ತಾ ನಿಂತಿರುವಾಗಲೇ ಇವರು ಕಾರು ಹತ್ತಿ ಹೋಗಿರುತ್ತಿದ್ದರು.

ಅವರು ಮತ್ತಿನ ಡಾಕ್ಟರ್, ಅಂದರೆ ಅನಸ್ತೇಷಿಯಾ ಕೊಡುವವರು. ನಮ್ಮ ಕಡೆಯ ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಮತ್ತು ಕೊಡುವ ಡಾಕ್ಟರನ್ನು ಕಾಯಂ ಆಗಿ ಇಟ್ಟುಕೊಳ್ಳುವುದಿಲ್ಲ. ಆಪರೇಷನ್ ಗೊತ್ತಾದಾಗ ಫೋನ್ ಹೋಗುತ್ತದೆ, ಅವರು ಚೀಲ ಹಿಡಿದುಕೊಂಡು ಬರುತ್ತಾರೆ, ಕೆಲಸ ಮುಗಿಸಿ ಮುಂದಿನ ಊರಿಗೆ ಹೋಗುತ್ತಾರೆ. ಚನ್ನಕೇಶವ ಸರ್ ಬೆಳಿಗ್ಗೆ ಹೊಸಕೋಟೆಯಲ್ಲಿದ್ದರೆ ಮಧ್ಯಾಹ್ನ ದೇವನಹಳ್ಳಿ, ಸಂಜೆಗೆ ದೊಡ್ಡಬಳ್ಳಾಪುರ. ಊಟ ಕಾರಿನಲ್ಲೇ. ಪೂರ್ತಿ ಪ್ರಜ್ಞೆ ತಪ್ಪಿಸುವ ಕೆಲಸ ಅವರಿಗೆ ಅಸಡ್ಡೆ. "ಮಲಗ್ಸೋದೇನು, ಯಾರ್ ಬೇಕಾದ್ರೂ ಮಲಗಿಸ್ತಾರೆ. ಎಚ್ಚರವಾಗಿರೋನ್ ಹತ್ರ ಮಾತಾಡ್ತಾ ಮಾತಾಡ್ತಾ ಅವನ ಅರ್ಧ ದೇಹ ಕಿತ್ಕೋಬೇಕು. ಅದು ಕೆಲಸ" ಅನ್ನುತ್ತಿದ್ದರು. ಬೆನ್ನಿಗೆ ಹಾಕುವ ಸೂಜಿ, ಕತ್ತಿನ ಬುಡಕ್ಕೆ ಹಾಕಿ ತೋಳನ್ನು ಮಾತ್ರ ಮರಗಟ್ಟಿಸುವ ಸೂಜಿ, ಗಾಯದ ಸುತ್ತ ಹಾಕುವ ಸೂಜಿ, ಇವಿಷ್ಟೇ ಅವರ ಪ್ರೀತಿಯವು.

ನಾನು ಆವತಿಯವಳು, ಹೆಸರು ಸುಜಾತಾ. ನರ್ಸಿಂಗ್ ಮುಗಿಸಿ ದೇವನಹಳ್ಳಿಯ ಒಂದು ನರ್ಸಿಂಗ್ ಹೋಮಿಗೆ ಸೇರಿದೆ. ಸೇರಿದ ದಿನವೇ ಥಿಯೇಟರಿಗೆ ಹಾಕಿದರು. ಬೆನ್ನಿಗೆ ಸೂಜಿ ಹಾಕುವಾಗ ರೋಗಿಯನ್ನು ಮುದುರಿಸಿ ಹಿಡಿದುಕೊಳ್ಳುವುದು ನನ್ನ ಕೆಲಸ. ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಮಂಡಿಯ ಹಿಂದೆ. "ಅಮ್ಮನ ಹೊಟ್ಟೇಲಿ ಹೆಂಗಿದ್ಯೋ ಹಂಗೆ ಮುದುರ್ಕೋ. ಆಗ ಚೆನ್ನಾಗಿ ಮುದುರ್ಕೊಂಡಿದ್ದೆ, ಈಗೇನ್ ಬಂತು ಧಾಡಿ?" ಅಂತ ಅವರು ಬೆನ್ನ ಹಿಂದಿನಿಂದ ಗದರುತ್ತಿದ್ದರು. ಬೆನ್ನುಮೂಳೆಯ ಸಂದಿನಲ್ಲಿ ಸೂಜಿ ಇಳಿದು ತಿಳಿನೀರಿನ ಹನಿಯೊಂದು ತುದಿಯಲ್ಲಿ ಕಾಣಿಸಿದರೆ ಗದರುವುದು ನಿಲ್ಲುತ್ತಿತ್ತು. ಔಷಧ ಬಿಟ್ಟು, ಮಲಗಿಸಿ, ತಲೆಯ ಹತ್ತಿರ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು.

ಮೊದಲು ಪಾದ ಬೆಚ್ಚಗಾಗುತ್ತದೆ. ಆಮೇಲೆ ಕಾಲು ಭಾರವಾಗುತ್ತದೆ. ಆಮೇಲೆ ಕಾಲು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಚಾಚಿಕೊಂಡು ಮಲಗಿದವರು, "ಸಾರ್, ನನ್ ಕಾಲ್ ಯಾಕ್ ಮೇಲಕ್ಕೆ ಎತ್ತಿ ಹಿಡ್ದಿದೀರಾ?" ಅಂತ ಕೇಳುತ್ತಾರೆ. ಆಗ ಅವರ ಪರೀಕ್ಷೆ ಶುರು. ಬೇರೆ ಡಾಕ್ಟರುಗಳು ಚಿವುಟಿ "ನೋವಾಯ್ತಾ?" ಅಂತ ಕೇಳುತ್ತಾರೆ. ಇವರು ಕೇಳುತ್ತಿರಲಿಲ್ಲ. "ನಿಮ್ಮೂರಲ್ಲಿ ಟೊಮೊಟೊ ಏನ್ ರೇಟು?" ಅಂತ ಮಾತಿಗೆಳೆಯುತ್ತಾ, ಹಲ್ಲಿರುವ ಇಕ್ಕಳದಿಂದ ಹೊಟ್ಟೆಯ ಚರ್ಮ ಹಿಡಿದು ತಿರುಚಿ, ಹುಬ್ಬು ನೋಡುತ್ತಿದ್ದರು. ಹುಬ್ಬು ಎದ್ದರೆ ಸರ್ಜನ್ ಕಾಯಬೇಕು. ಎಂಥ ದೊಡ್ಡ ಸರ್ಜನ್ ಆಗಿರಲಿ, ಚನ್ನಕೇಶವ ಸರ್ ತಲೆಯಾಡಿಸದೆ ಚಾಕು ಮುಟ್ಟುವ ಹಾಗಿರಲಿಲ್ಲ. "ಬಾಯಿ ಇರೋದು ತಿನ್ನೋಕೆ, ಸುಳ್ಳು ಹೇಳೋಕೆ. ಹುಬ್ಬಿಗೆ ಆ ಬುದ್ಧಿ ಇಲ್ಲ" ಅನ್ನುವುದು ಅವರ ಮಾತು. ಪಾರ್ಲರಿಗೆ ಹೋಗಿ ಹುಬ್ಬು ತೆಳ್ಳಗೆ ಮಾಡಿಸಿಕೊಂಡು ಬಂದವರನ್ನು ಕಂಡರೆ ಮೈಯೆಲ್ಲ ಉರಿ. "ದಾರ ಹಾಕಿ ನನ್ ಮೀಟರ್ ಕಿತ್ಕೊಂಡ್ ಬಂದಿದಾಳೆ ನೋಡು" ಅಂತ ಅವಳ ಮುಂದೆಯೇ ಅನ್ನುತ್ತಿದ್ದರು.

ಬಾಯಿಯ ಮೇಲೆ ಅವರಿಗೆ ಅಷ್ಟು ದ್ವೇಷ ಸುಮ್ಮನೆ ಬಂದದ್ದಲ್ಲ. ಆಪರೇಷನ್ನಿಗೆ ಮುಂಚೆ ಏನೂ ತಿನ್ನಬಾರದು ಅಂತ ನಾವು ಬಡಿದುಕೊಳ್ಳುತ್ತೇವೆ. ನಮ್ಮ ಜನ ತಲೆ ಅಲ್ಲಾಡಿಸುತ್ತಾರೆ, ಮನೆಗೆ ಹೋಗಿ ತಿನ್ನಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ ಮಗಳನ್ನು ಕೊಯ್ಯಲು ಕಳಿಸುವುದು ಯಾವ ತಾಯಿಗೂ ಆಗದ ಮಾತು. ಹೊಟ್ಟೆ ತುಂಬಿರುವಾಗ ಸೂಜಿ ಸರಿಯಾಗಿ ಹಿಡಿಯದೆ ಪೂರ್ತಿ ಮತ್ತು ಕೊಡಬೇಕಾಗಿ ಬಂದರೆ, ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ಜೀವವೇ ಹೋಗಬಹುದು. ಇದನ್ನು ಹೇಳಿದರೂ, "ಏನೂ ತಿಂದಿಲ್ಲ ಸಾರ್, ನೀರೂ ಮುಟ್ಟಿಲ್ಲ" ಅಂತ ದೇವರಾಣೆ ಇಡುತ್ತಾರೆ. ಚನ್ನಕೇಶವ ಸರ್ ತಿಂದೆಯಾ ಅಂತ ಕೇಳುತ್ತಲೇ ಇರಲಿಲ್ಲ. ನಾಡಿ ಹಿಡಿದುಕೊಂಡು, ಬಹಳ ಅಕ್ಕರೆಯಿಂದ, "ಇಡ್ಲಿ ಮೆತ್ತಗಿತ್ತೇನಮ್ಮಾ?" ಅನ್ನುತ್ತಿದ್ದರು.

"ಹೂಂ ಸಾರ್, ಅಮ್ಮ ಬಿಸೀದು ತಂದಿದ್ರು" ಅಂದಳು ಒಬ್ಬಳು, ಬೂದಿಗೆರೆ ಕಡೆಯ ಹುಡುಗಿ. ಅಂದ ಮೇಲೆ ಬಾಯಿ ಮುಚ್ಚಿಕೊಂಡಳು. ಅವರು ಹೊರಗೆ ಹೋಗಿ ಅವಳ ತಾಯಿಯನ್ನು ಎಲ್ಲರೆದುರು ನಿಲ್ಲಿಸಿದರು. "ಮಗಳಿಗೆ ತಿಥಿ ಊಟ ಮೊದ್ಲೇ ಹಾಕ್ಬಿಟ್ರಾ? ನಾವು ಕೆಲಸ ಮುಗಿಸೋವರ್ಗೂ ಕಾಯ್ಬಾರ್ದಿತ್ತಾ?" ಅಂದರು. ಆ ಹೆಂಗಸು ಬಾಗಿಲ ಹತ್ತಿರ ಕುಸಿದು ಕೂತುಬಿಟ್ಟಳು. ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು, ಹುಡುಗಿ ಚೆನ್ನಾಗಿಯೇ ಮನೆಗೆ ಹೋದಳು. ತಾಯಿ ಮಾತ್ರ ಡಿಸ್ಚಾರ್ಜ್ ದಿನದವರೆಗೂ ಅವರ ಕಾರು ಬಂದ ಸದ್ದಾದರೆ ಬಾತ್‌ರೂಮಿನಲ್ಲಿ ಅಡಗುತ್ತಿದ್ದಳು.

ಹೀಗೆ ಹೆದರಿಸುವುದು ರೋಗಿಯ ಒಳ್ಳೆಯದಕ್ಕೇ ಅಂತ ನಮ್ಮ ಮೇಡಂ, ಅಂದರೆ ಹೆರಿಗೆ ಡಾಕ್ಟರ್, ಸಮಾಧಾನ ಹೇಳುತ್ತಿದ್ದರು. ಎಲ್ಲವೂ ಒಳ್ಳೆಯದಕ್ಕಲ್ಲ. ಕೆಲವನ್ನು ಅವರು ಬರೀ ಮಜಕ್ಕೆ ಮಾಡುತ್ತಿದ್ದರು. ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವ ಒಬ್ಬ, ಗಟ್ಟಿಮುಟ್ಟಾದ ಆಳು, ಮುಂಗೈ ಮುರಿದುಕೊಂಡು ಬಂದಿದ್ದ. ಕತ್ತಿನ ಬುಡಕ್ಕೆ ಸೂಜಿ ಹಾಕಿ ಬಲಗೈ ಪೂರ್ತಿ ಮರಗಟ್ಟಿಸಿ ಮೂಳೆ ಕೂಡಿಸಿದರು. ಆಮೇಲೆ ಹಾಸಿಗೆಗೆ ಬದಲಾಯಿಸುವಾಗ ಅವನ ಕೈ ಅವನ ಎದೆಯ ಮೇಲೆ ಧೊಪ್ಪನೆ ಬಿತ್ತು. ಅವನಿಗೆ ಅದು ತನ್ನದು ಅಂತ ತಿಳಿಯಲಿಲ್ಲ. "ಯಾರ್ದೋ ಕೈ ಸಿಸ್ಟರ್, ನನ್ ಮೇಲೆ ಯಾರ್ದೋ ಕೈ ಇದೆ" ಅಂತ ಗಡಗಡ ನಡುಗಿದ.

ನಾನು ಹೇಳಬೇಕು ಅನ್ನುವಷ್ಟರಲ್ಲಿ ಚನ್ನಕೇಶವ ಸರ್ ಮುಂದೆ ಬಂದರು. "ಹಿಂದಿನ ಪೇಷೆಂಟ್‌ದು. ಮರ್ತು ಬಿಟ್ಟೋಗಿದಾನೆ. ಅವನ ಕಡೆಯವ್ರು ಬಂದ್ರೆ ಕೊಟ್ಬಿಡಪ್ಪ" ಅಂದರು.

"ನಂದು ಸಾರ್? ನನ್ ಕೈ ಎಲ್ಲಿ?"

"ನಿಂದು ಕೆಲ್ಸಕ್ಕೆ ಬರ್ತಿರ್ಲಿಲ್ಲ. ತೆಗ್ದಾಕಿದ್ವಿ."

ಅವನು ಎಡಗೈಯಿಂದ ಆ ಬಲಗೈಯನ್ನು ಎತ್ತಿ ಎತ್ತಿ ನೋಡಿದ. ಅದರ ಬೆರಳಲ್ಲಿ ಅವನದೇ ಉಂಗುರ ಇತ್ತು. ಉಂಗುರ ನೋಡಿಯೂ ನಂಬಲಿಲ್ಲ, ಯಾಕೆಂದರೆ ಡಾಕ್ಟರೇ ಹೇಳಿದ್ದರು. ಹೆಂಡತಿ ಬಂದು ಆ ಕೈ ಹಿಡಿದುಕೊಂಡರೆ, "ಅದನ್ನ ಮುಟ್ಬೇಡ ಕಣೇ" ಅಂತ ಅತ್ತ. ಸಂಜೆ ಬೆರಳ ತುದಿಗಳಲ್ಲಿ ಜುಮುಜುಮು ಬರುವವರೆಗೂ ಅಳುತ್ತಲೇ ಇದ್ದ. ಚನ್ನಕೇಶವ ಸರ್ ಆಗಲೇ ದೊಡ್ಡಬಳ್ಳಾಪುರದ ದಾರಿಯಲ್ಲಿದ್ದರು. ಈ ಕಥೆ ಹೇಳಿದರೆ ಎಲ್ಲರೂ ನಗುತ್ತಾರೆ, ನಾನೂ ನಕ್ಕಿದ್ದೇನೆ. ಸಂಜೆ ಅವನ ಪಕ್ಕದಲ್ಲಿ ನಿಂತು ಕಣ್ಣೊರೆಸಿದ್ದು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನನಗೆ ಕೆಲಸ ಕಲಿಸಿದವರು ಅವರೇ. ಅದನ್ನು ಇಲ್ಲ ಅನ್ನಲಾರೆ. ಸೂಜಿ ಹಾಕಿದ ಮೇಲೆ ಬಿ.ಪಿ. ಇಳಿಯುವುದನ್ನು ಮಿಷನ್ನಿಗಿಂತ ಮುಂಚೆ ತುಟಿಯ ಬಣ್ಣದಲ್ಲಿ ಕಾಣಬೇಕು, ಚಳಿ ನಡುಕ ಬರುವ ಮೊದಲೇ ಬೆಚ್ಚಗಿನ ಹೊದಿಕೆ ಇಟ್ಟಿರಬೇಕು, ಮಾರನೇ ದಿನ ಎದ್ದು ಕೂತರೆ ತಲೆ ಸಿಡಿಯುತ್ತದೆ ಅಂದವರನ್ನು ಮಲಗಿಸಿ ಕಾಫಿ ಕುಡಿಸಬೇಕು, ಇವನ್ನೆಲ್ಲ ಬೈದು ಬೈದು ಕಲಿಸಿದರು. ಎಲ್ಲಕ್ಕಿಂತ ಹೆಚ್ಚು ಬೈದದ್ದು ನನ್ನ ಹುಬ್ಬಿನ ವಿಷಯಕ್ಕೆ. ಹೊಸದರಲ್ಲಿ ರಕ್ತ ಜಾಸ್ತಿ ಕಂಡರೆ ನನ್ನ ಹುಬ್ಬು ಗಂಟಾಗುತ್ತಿತ್ತು. ಎಚ್ಚರವಾಗಿ ಮಲಗಿದ್ದ ಹೆಂಗಸೊಬ್ಬಳು ಅದನ್ನು ನೋಡಿ, "ಸಿಸ್ಟರ್, ಏನಾಯ್ತು, ನಾನ್ ಸಾಯ್ತೀನಾ?" ಅಂತ ಕೂಗಾಡಿಬಿಟ್ಟಳು.

ಅವತ್ತು ಹೊರಗೆ ಕರೆದು ಹೇಳಿದರು. "ಮಾಸ್ಕ್ ಹಾಕಿದ್ಮೇಲೆ ನಿನ್ ಮುಖದಲ್ಲಿ ಉಳ್ಯೋದೇನು? ಹುಬ್ಬು. ಅವ್ಳು ಮಲ್ಕೊಂಡು ನೋಡೋದು ಅದೊಂದನ್ನೇ. ನಿನ್ ಹೊಟ್ಟೇಲಿ ಏನಾದ್ರೂ ಇಟ್ಕೋ, ಹುಬ್ಬನ್ನ ಸಾಯ್ಸು."

ಸಾಯಿಸಿದೆ. ಸಾಯಿಸುವವರೆಗೆ ಅವರು ಬಿಡಲಿಲ್ಲ. ಟೀ ಹೊತ್ತಿನಲ್ಲಿ, ನಾನು ಲೋಟ ಹಿಡಿದು ನಿಂತಿರುವಾಗ, ಹಿಂದಿನಿಂದ ಬಂದು ತೋಳನ್ನು ಉಗುರಿನಲ್ಲಿ ಹಿಡಿದು ತಿರುಚುತ್ತಿದ್ದರು. ಹುಬ್ಬು ಅಲ್ಲಾಡಿದರೆ "ಫೇಲ್" ಅಂದು ಹೋಗುತ್ತಿದ್ದರು. ಮನೆಯಲ್ಲಿ ಅಮ್ಮ ನನ್ನ ತೋಳಿನ ನೀಲಿ ಗುರುತು ನೋಡಿ ಯಾರು ಹೊಡೆದರು ಅಂತ ಕೇಳಿದಳು. ಕೆಲಸ ಕಲಿಸುತ್ತಿದ್ದಾರೆ ಅಂದೆ. ಒಂದು ದಿನ ಅವರು ಎಷ್ಟು ತಿರುಚಿದರೂ ನಾನು ಟೀ ಕುಡಿಯುತ್ತಲೇ ಇದ್ದೆ. "ಪಾಸು" ಅಂದರು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ ಬಸ್ಸಿನಲ್ಲಿ ಆವತಿಯವರೆಗೂ ಒಬ್ಬಳೇ ನಗುತ್ತಾ ಹೋದೆ, ಹುಬ್ಬು ಅಲ್ಲಾಡಿಸದೆ.

ಮದುವೆಯಾಯಿತು. ಬಸುರಿಯಾದೆ. ಮಗು ಅಡ್ಡ ತಿರುಗಿದ್ದರಿಂದ ಸಿಸೇರಿಯನ್ ಅಂತ ಮೇಡಂ ಹೇಳಿದರು. ಬೇರೆ ಕಡೆ ಯಾಕೆ ಹೋಗಲಿ? ನಮ್ಮದೇ ಥಿಯೇಟರ್, ನಮ್ಮದೇ ಮೇಜು, ಸೂಜಿ ಹಾಕಲು ಚನ್ನಕೇಶವ ಸರ್. ಬೆಳಿಗ್ಗೆ ನಾಡಿ ಹಿಡಿದು, "ಇಡ್ಲಿ ಮೆತ್ತಗಿತ್ತಾ?" ಅಂದರು. "ನಾನ್ ನಿಮ್ ಸ್ಟೂಡೆಂಟು ಸರ್" ಅಂದೆ. ನಕ್ಕರು. ಅವರು ನಗುವುದು ಅಪರೂಪ, ಒಳ್ಳೆಯ ಶಕುನ ಅಂದುಕೊಂಡೆ.

ಸೂಜಿ ಹೋಯಿತು. ಪಾದ ಬೆಚ್ಚಗಾಯಿತು, ಕಾಲು ಭಾರವಾಯಿತು. ಆದರೆ ಹೊಟ್ಟೆ ನನ್ನದಾಗಿಯೇ ಇತ್ತು. ಹೊಸಕೋಟೆಯಿಂದ ಅವರಿಗೆ ಮೇಲಿಂದ ಮೇಲೆ ಫೋನ್ ಬರುತ್ತಿತ್ತು, ಅಲ್ಲಿಯೂ ಒಬ್ಬಳನ್ನು ಮೇಜಿನ ಮೇಲೆ ಮಲಗಿಸಿಕೊಂಡು ಕಾಯುತ್ತಿದ್ದರು. ಇಕ್ಕಳ ತೆಗೆದುಕೊಂಡು ಹೊಟ್ಟೆ ತಿರುಚಿದರು. ಬೆಂಕಿ ಇಟ್ಟ ಹಾಗಾಯಿತು.

"ಸರ್, ನೋಯ್ತಿದೆ" ಅಂದೆ.

ಅವರು ನನ್ನ ಹಣೆ ನೋಡಿದರು. "ಮುಟ್ಟೋದು ಗೊತ್ತಾಗುತ್ತೆ, ಅಷ್ಟೇ. ಅದನ್ನ ನೋವು ಅನ್ಕೋತಿದೀಯ. ನೀನೇ ಎಷ್ಟ್ ಜನಕ್ಕೆ ಹೇಳಿಲ್ಲ ಇದನ್ನ?"

"ಮುಟ್ಟೋದಲ್ಲ ಸರ್, ನೋಯ್ತಿದೆ."

ಮತ್ತೆ ತಿರುಚಿದರು, ಮತ್ತೆ ಹುಬ್ಬು ನೋಡಿದರು. ಅದು ಸತ್ತು ಯಾವ ಕಾಲವಾಗಿತ್ತು. "ಹುಬ್ಬು ಸುಮ್ನಿದೆ. ಮೊದಲ್ನೇ ಹೆರಿಗೆ, ಹೆದರ್ಕೊಂಡಿದಾಳೆ. ಶುರು ಮಾಡಿ ಮೇಡಂ" ಅಂದರು. ನಾನು ಇನ್ನೊಮ್ಮೆ ಹೇಳಿದೆ. ಅಳಬೇಕು, ಕಿರುಚಬೇಕು, ಮುಖ ಕಿವುಚಬೇಕು ಅಂತ ಮನಸ್ಸು ಹೇಳುತ್ತಿತ್ತು. ಮುಖ ಮಾತ್ರ ಅವರು ಹೇಳಿಕೊಟ್ಟ ಹಾಗೆಯೇ ಇತ್ತು.

ಮೇಡಂ ಕೊಯ್ದರು. ಆ ನೋವನ್ನು ಬಣ್ಣಿಸಿ ಹೇಳುವುದಿಲ್ಲ. ಕೊಯ್ದ ಜಾಗದ ಈ ತುದಿಯಿಂದ ಆ ತುದಿಯವರೆಗೆ ಚಾಕು ಎಲ್ಲೆಲ್ಲಿ ಹೋಯಿತು ಅಂತ ಇವತ್ತಿಗೂ ಬೆರಳಿಟ್ಟು ತೋರಿಸಬಲ್ಲೆ, ಅಷ್ಟು ಸಾಕು. ನನ್ನ ಬಾಯಿಂದ ಸ್ವರ ಹೊರಡಲಿಲ್ಲ. ನಾಡಿಯ ಮಿಷನ್ ಮಾತ್ರ ಹುಚ್ಚು ಹಿಡಿದ ಹಾಗೆ ಬಡಿದುಕೊಂಡಿತು. ಚನ್ನಕೇಶವ ಸರ್ ತಿರುಗಿ ಮಿಷನ್ ನೋಡಿದರು, ನನ್ನನ್ನು ನೋಡಿದರು. "ನಿಲ್ಸಿ" ಅಂದರು. ಕೂಡಲೇ ಡ್ರಿಪ್ಪಿಗೆ ಔಷಧ ಬಿಟ್ಟರು. ಗೋಡೆಗಳು ಉದ್ದುದ್ದ ಬೆಳೆದವು, ಲೈಟು ಕರಗಿ ಇಳಿಯಿತು, ನಾನು ಎಲ್ಲೋ ಹೋದೆ.

ಎದ್ದಾಗ ಮಗು ಪಕ್ಕದ ತೊಟ್ಟಿಲಲ್ಲಿ ಮಲಗಿತ್ತು. ಎಷ್ಟೋ ಮಕ್ಕಳ ಮೊದಲ ಅಳುವನ್ನು ಆ ಥಿಯೇಟರಿನಲ್ಲಿ ಕೇಳಿದ್ದೇನೆ. ನನ್ನ ಮಗಳದು ಕೇಳಲಿಲ್ಲ. ಚನ್ನಕೇಶವ ಸರ್ ಮಂಚದ ಕಾಲಬುಡದಲ್ಲಿ ನಿಂತಿದ್ದರು. ಹೊಸಕೋಟೆಗೆ ಹೋಗಿ ವಾಪಸ್ ಬಂದಿದ್ದರು ಅಂತ ಆಮೇಲೆ ಗೊತ್ತಾಯಿತು. ಏನೋ ಹೇಳಲು ಬಂದಿದ್ದಾರೆ ಅಂತ ನಾನು ಕಾದೆ.

"ಹೆಣ್ಣು. ಚೆನ್ನಾಗಿದೆ" ಅಂದರು. ಆಮೇಲೆ ನನ್ನ ಹಣೆ ನೋಡಿ, "ಇಂಥಾ ಹುಬ್ಬು ನನ್ ಸರ್ವೀಸಲ್ಲೇ ನೋಡಿಲ್ಲ" ಅಂದರು. ಅದು ಹೊಗಳಿಕೆ. ಹೊಗಳಿ ಹೋದರು.

ಹೋದವರು ಸುಮ್ಮನಿದ್ದರೂ ಆಗುತ್ತಿತ್ತು. ಹೋದ ಕಡೆಯೆಲ್ಲ ಈ ಕಥೆ ಹೇಳಿದರು. "ನಮ್ ಸುಜಾತಾ, ಕೊಯ್ದ್ರೂ ಹುಬ್ಬು ಅಲ್ಲಾಡಿಸ್ಲಿಲ್ಲ" ಅಂತ. ದೊಡ್ಡಬಳ್ಳಾಪುರದ ನರ್ಸುಗಳು ಮದುವೆ ಮನೆಯೊಂದರಲ್ಲಿ ನನ್ನನ್ನು ಕಂಡು, "ನೀವೇನಾ ಅವ್ರು?" ಅಂತ ಸುತ್ತ ನಿಂತರು. ನಾನು ಮೂರು ಸಲ ನೋವು ಅಂದಿದ್ದು ಆ ಕಥೆಯಲ್ಲಿ ಎಲ್ಲೂ ಇರಲಿಲ್ಲ. ನೋವಾಗಿದ್ದನ್ನಾದರೂ ಮರೆಯಬಹುದು. ನಾನು ಹೇಳಿದ್ದೇ ಇಲ್ಲ ಅನ್ನುವ ಹಾಗೆ ಮಾಡಿಬಿಟ್ಟರಲ್ಲ, ಅದಕ್ಕೆ ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ.

ಬಾಣಂತನ ಮುಗಿಸಿ ಕೆಲಸಕ್ಕೆ ಹೊರಟಾಗ ಅಮ್ಮ ಅಡ್ಡ ನಿಂತಳು. "ಆ ಮನುಷ್ಯನ್ ಪಕ್ಕ ಹೆಂಗ್ ನಿಂತ್ಕೋತೀಯೇ? ಬೇರೆ ಆಸ್ಪತ್ರೆ ಇಲ್ವಾ?"

"'ನೀನ್ ಹೇಳಿದ್ದು ನಿಜ, ನಾನ್ ನಂಬ್ಲಿಲ್ಲ' ಅಂತ ಅವ್ರ ಬಾಯಿಂದ ಒಂದ್ ಮಾತು ಬರ್ಬೇಕಮ್ಮ. ಬಂದ್ಮೇಲೆ ಬಿಟ್ಬಿಡ್ತೀನಿ."

"ಬರ್ದಿದ್ರೆ?"

"ಬರ್ಲೇಬೇಕು" ಅಂದೆ.

ಆಮೇಲೆ ಪ್ರತಿ ಕೇಸಿನಲ್ಲೂ ನಾನು ಮುಂದೆ ನಿಂತು ರೋಗಿಯನ್ನು ಮುದುರಿಸಿ ಹಿಡಿದೆ, ಅವರು ಹಿಂದೆ ಕೂತು ಸೂಜಿ ಹಾಕಿದರು. ಮಧ್ಯೆ ಒಂದು ಬೆನ್ನು. ಯಾವ ಹೆಂಗಸಾದರೂ "ನೋಯ್ತಿದೆ" ಅಂದರೆ ನಾನು ತಲೆ ಎತ್ತಿ ಅವರನ್ನೇ ನೋಡುತ್ತಿದ್ದೆ. ಅವರು ಹುಬ್ಬು ನೋಡಿ, ಮಿಷನ್ ನೋಡಿ, ಮತ್ತೆ ಹುಬ್ಬು ನೋಡಿ, ಸರ್ಜನ್ನಿಗೆ ಕಾಯಲು ಹೇಳುತ್ತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ. ನನ್ನ ತೋಳು ತಿರುಚುವುದು ನಿಂತಿತ್ತು. ಟೀ ಹೊತ್ತಿನಲ್ಲಿ ಲೋಟ ಹಿಡಿದು ಕಾರಿಗೆ ಹೋಗಿಬಿಡುತ್ತಿದ್ದರು. ಒಮ್ಮೆ ನನ್ನ ಮಗಳು ಸ್ಕೂಲ್ ಯೂನಿಫಾರ್ಮಿನಲ್ಲಿ ನರ್ಸಿಂಗ್ ಹೋಮಿಗೆ ಬಂದಿದ್ದಳು. ಅವಳ ಗಲ್ಲ ಹಿಡಿದು ಹಣೆ ನೋಡಿದರು. "ಇವಳ್ದು ಅಲ್ಲಾಡುತ್ತೆ, ಒಳ್ಳೇದು" ಅಂದರು. ಇನ್ನೇನು ಆ ಮಾತು ಬಂತು ಅಂದುಕೊಂಡೆ. ಫೋನ್ ಬಂತು, ಎದ್ದು ಹೋದರು.

ವಯಸ್ಸಾಯಿತು. ಕೈ ಸಣ್ಣಗೆ ನಡುಗಲು ಶುರುವಾದ ಮೇಲೆ ತಾವೇ ಸೂಜಿ ಕೆಳಗಿಟ್ಟರು, ಅಷ್ಟು ಮಾತ್ರ ನಿಯತ್ತು. ಅವರ ಜಾಗಕ್ಕೆ ಕಿರಣ್ ಅಂತ ಚಿಕ್ಕ ವಯಸ್ಸಿನ ಡಾಕ್ಟರ್ ಬಂದರು. ಒಂದಷ್ಟು ಕಾಲ ಚನ್ನಕೇಶವ ಸರ್ ಕಾಣಲೇ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಥಿಯೇಟರಿನ ಲಿಸ್ಟಿನಲ್ಲಿ ಅವರ ಹೆಸರೇ ಇತ್ತು, ರೋಗಿಯ ಜಾಗದಲ್ಲಿ. ಹರ್ನಿಯಾ. ತೊಡೆಸಂದಿನಲ್ಲಿ ಕರುಳು ಇಳಿದು ಗಡ್ಡೆ ಕಟ್ಟಿತ್ತು, ನಡೆಯಲು ಆಗುತ್ತಿರಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಅವರ ಮಗಳು ಎಷ್ಟು ಹೇಳಿದರೂ ಕೇಳದೆ ಇಲ್ಲಿಗೇ ಬಂದಿದ್ದರು. "ಕಿರಣ್ ಸೂಜಿ ಹಾಕ್ಲಿ, ಸುಜಾತಾ ಹಿಡ್ಕೊಳ್ಳಿ" ಅಂದರಂತೆ.

ನಾಡಿ ಹಿಡಿದು, "ಇಡ್ಲಿ ಮೆತ್ತಗಿತ್ತಾ ಸರ್?" ಅಂದೆ.

"ಕಲ್ಲಾಗಿತ್ತು, ತಿನ್ಲಿಲ್ಲ" ಅಂದರು. ನಗಲಿಲ್ಲ.

ಮುದುರಿಸಿ ಹಿಡಿದುಕೊಂಡೆ. ಅಷ್ಟು ವರ್ಷ ಜನರ ಅರ್ಧ ದೇಹ ಕಿತ್ತುಕೊಂಡ ಮನುಷ್ಯ ನನ್ನ ತೋಳಿನಲ್ಲಿ ಇಷ್ಟೇ ಇಷ್ಟು ಇದ್ದರು. ಕಿರಣ್ ಸೂಜಿ ಹಾಕಿದರೆ ಮೂಳೆಗೆ ತಾಕಿತು. "ಮೇಲೆ ಹೋಗೋ. ಮೂಳೆ ಕೆರೀತಿದೀಯ, ಗೊತ್ತಾಗಲ್ವೇನೋ ನಿಂಗೆ?" ಅಂತ ನನ್ನ ಎದೆಯ ಹತ್ತಿರದಿಂದ ಬೈದರು. ಕಿರಣ್ ಬೆವರಿದರು. ಕೊನೆಗೆ ಹನಿ ಕಾಣಿಸಿತು, ಔಷಧ ಹೋಯಿತು. ಮಲಗಿಸಿದೆವು. ನಾನು ತಲೆಯ ಹತ್ತಿರ, ಅವರು ಕೂರುತ್ತಿದ್ದ ಸ್ಟೂಲಿನ ಪಕ್ಕ ನಿಂತೆ.

ಕಿರಣ್ ಇಕ್ಕಳದಲ್ಲಿ ಪಾದ ಚಿವುಟಿದರು. ತೊಡೆ ಚಿವುಟಿದರು. "ಏನೂ ಇಲ್ಲ" ಅಂದರು ಸರ್. ತೊಡೆಸಂದಿಗೆ, ಕೊಯ್ಯಬೇಕಾದ ಜಾಗಕ್ಕೆ ಬಂದು ತಿರುಚಿದರು. ಕಿರಣ್‌ಗೆ ಹುಬ್ಬು ನೋಡುವ ಅಭ್ಯಾಸವಿಲ್ಲ, ಅವರು ಇಕ್ಕಳವನ್ನೇ ನೋಡುತ್ತಿದ್ದರು. ಹುಬ್ಬು ನೋಡುತ್ತಿದ್ದವಳು ನಾನು. ಬೆಳ್ಳಗಿನ ಎಡ ಹುಬ್ಬು ಜಿಗಿದು ಹಣೆಗೆ ಹೋಯಿತು. ಔಷಧ ಅಲ್ಲಿಯವರೆಗೆ ಏರಿಯೇ ಇರಲಿಲ್ಲ.

"ಏನೂ ಗೊತ್ತಾಗ್ತಿಲ್ಲ. ಶುರು ಮಾಡಿ" ಅಂದರು ಚನ್ನಕೇಶವ ಸರ್.

ಸರ್ಜನ್ ಚಾಕುವಿಗೆ ಕೈ ಚಾಚಿದರು. ನಾನು ಸರ್ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು, ಹುಬ್ಬನ್ನಲ್ಲ, ಕಣ್ಣನ್ನು. ಹೇಳಬೇಡ ಅನ್ನುವ ಹಾಗೆ ತಲೆ ಅತ್ತಿತ್ತ ಆಡಿಸಿದರು. ಬೆಂಗಳೂರು ಬಿಟ್ಟು ಇಲ್ಲಿಗೆ ಯಾಕೆ ಬಂದರು, ನಾನೇ ಹಿಡಿದುಕೊಳ್ಳಬೇಕು ಅಂತ ಯಾಕೆ ಹೇಳಿದರು, ಆಗ ಗೊತ್ತಾಯಿತು. ಔಷಧ ಏರುವ ಮುಂಚೆಯೇ ಶುರು ಮಾಡಿಸಿ, ಎಚ್ಚರವಾಗಿ ಕೊಯ್ಯಿಸಿಕೊಂಡು, ನನ್ನ ಕಣ್ಣೆದುರು ಒಂದು ಸಲ ಅನುಭವಿಸಿ, ಲೆಕ್ಕ ಸರಿಯಾಯಿತು ಅಂತ ಎದ್ದು ಹೋಗುವುದು ಅವರ ಯೋಚನೆ. ಆ ಮುದಿ ದೇಹಕ್ಕೆ ಅಷ್ಟು ನೋವು ತಡೆಯುವ ಧೈರ್ಯ ಇತ್ತು. ಬಾಯಿ ಬಿಟ್ಟು ಒಂದು ಮಾತು ಹೇಳುವ ಧೈರ್ಯ ಇರಲಿಲ್ಲ.

"ನಿಲ್ಸಿ ಡಾಕ್ಟ್ರೇ, ಸೂಜಿ ಹಿಡ್ದಿಲ್ಲ" ಅಂದೆ.

ಕಿರಣ್ ಗಾಬರಿಯಾದರು. "ಹಿಡ್ದಿದೆ ಅಂತ ಸರ್‌ರೇ ಹೇಳ್ತಿದಾರಲ್ಲ ಸಿಸ್ಟರ್?"

"ಸರ್ ಸುಳ್ಳು ಹೇಳ್ತಿದಾರೆ."

"ಸುಜಾತಾ, ನಿನ್ ಕೆಲ್ಸ ನೋಡ್ಕೋ" ಅಂದರು ಸರ್. ಸ್ವರ ಇಳಿಸಿ, ನನಗೊಬ್ಬಳಿಗೇ ಕೇಳುವ ಹಾಗೆ, "ಬಿಡೇ. ಒಂದ್ಸಲ ಆಗೋಗ್ಲಿ" ಅಂದರು. ಅಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ಬೇಡಿಕೊಂಡದ್ದು ಅದೊಂದೇ.

ಕರುಣೆ ಬರಬೇಕಿತ್ತೇನೋ. ಬರಲಿಲ್ಲ. ಕಿವಿಯ ಹತ್ತಿರ ಬಗ್ಗಿದೆ. "ಹಂಗೆ ತೀರಲ್ಲ ಸರ್. ಬಾಯಲ್ಲಿ ಹೇಳಿ" ಅಂದೆ.

ಸರ್ಜನ್ ಚಾಕು ಹಿಡಿದು ನಿಂತಿದ್ದರು. ಕಿರಣ್ ಇಕ್ಕಳವನ್ನು ಮತ್ತೆ ಅದೇ ಜಾಗಕ್ಕೆ ತಂದು, ಈ ಸಲ ಹುಬ್ಬು ನೋಡುತ್ತಾ, ಗಟ್ಟಿಯಾಗಿ ತಿರುಚಿದರು. ಚನ್ನಕೇಶವ ಸರ್ ತುಟಿ ಕಚ್ಚಿದರು. ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯಿತು.

"ನೋಯ್ತಿದೆ" ಅಂದರು.

ಒಂದೇ ಸಲ ಅಂದದ್ದು. ಚಾಕು ಟ್ರೇಗೆ ವಾಪಸ್ ಹೋಯಿತು, ಸರ್ಜನ್ ಎರಡು ಹೆಜ್ಜೆ ಹಿಂದೆ ಸರಿದರು, ಕಿರಣ್ "ಸಾರಿ ಸರ್, ಸಾರಿ ಸರ್" ಅನ್ನುತ್ತಾ ಪೂರ್ತಿ ಮತ್ತು ಕೊಡಲು ಡ್ರಿಪ್ಪಿನ ಕಡೆ ಓಡಿದರು. ಯಾರೂ ಅದು ಮುಟ್ಟಿದ್ದು ಅನ್ನಲಿಲ್ಲ, ಹೆದರಿಕೆ ಅನ್ನಲಿಲ್ಲ. ಅವರು ಹೇಳಿದರು, ಎಲ್ಲರೂ ನಂಬಿದರು. ಅಷ್ಟು ಸುಲಭದ ಕೆಲಸ ಅದು. ಅವರು ನನ್ನ ಕಡೆ ಕಣ್ಣು ತಿರುಗಿಸಿ, ತುಟಿ ಬಿಚ್ಚಿ, "ಸುಜಾತಾ, ಅವತ್ತು ನೀನು..." ಅಂದರು. ಔಷಧ ರಕ್ತಕ್ಕೆ ಸೇರಿತ್ತು. ಮಾತು ಅಲ್ಲಿಗೇ ನಿಂತು ನಿದ್ದೆಯಾಯಿತು.

ಮಾರನೇ ಬೆಳಿಗ್ಗೆ ಡ್ಯೂಟಿಗೆ ಬಂದವಳು ಬ್ಯಾಗನ್ನೂ ಇಡದೆ ಅವರ ವಾರ್ಡಿಗೆ ಹೋದೆ. ಮಗಳು ಕಾಫಿ ತರಲು ಹೊರಗೆ ಹೋಗಿದ್ದರು. ಸರ್ ಕಣ್ಣು ಮುಚ್ಚಿ ಮಲಗಿದ್ದರು. ಮಂಚದ ಕಾಲಬುಡದಲ್ಲಿ, ಅವತ್ತು ಅವರು ನಿಂತಿದ್ದ ಜಾಗದಲ್ಲೇ ನಿಂತೆ. "ಸರ್, ನೆನ್ನೆ ಏನೋ ಹೇಳ್ತಿದ್ರಿ" ಅಂದೆ. ಉಸಿರು ಒಂದೇ ಸಮ ಆಡುತ್ತಿತ್ತು, ನಿದ್ದೆ ಹೋದವರ ಹಾಗೆಯೇ. "ಸರ್" ಅಂತ ಇನ್ನೊಮ್ಮೆ ಕರೆದೆ.

ಮಧ್ಯಾಹ್ನವೇ ಮಗಳು ಅವರನ್ನು ಮೈಸೂರಿನ ತಮ್ಮ ಮನೆಗೆ ಕರೆದುಕೊಂಡು ಹೋದರು. ಮಳೆಗಾಲ ಮುಗಿಯುವ ಹೊತ್ತಿಗೆ, ನಿದ್ದೆಯಲ್ಲೇ ಹೋದರು ಅಂತ ಸುದ್ದಿ ಬಂತು. ನೋವಿಲ್ಲದ ಸಾವು ಅಂತ ಮೇಡಂ ಸಮಾಧಾನ ಪಟ್ಟರು. "ಬಂತೇನೇ ಆ ಮಾತು?" ಅಂತ ಅಮ್ಮ ಕೇಳಿದಳು. ಇಲ್ಲ ಅಂದೆ. ನಾನು ಇನ್ನೂ ಅಲ್ಲೇ ಕೆಲಸದಲ್ಲಿದ್ದೇನೆ.

ಅವರು ನಿದ್ದೆಯಲ್ಲಿದ್ದರು, ಕೇಳಿಸಿ ಇರಲಿಕ್ಕಿಲ್ಲ ಅಂತ ಯಾರಾದರೂ ಹೇಳಬಹುದು. ಬೇರೆಯವರಾಗಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಆದರೆ ನನಗೆ ಕಲಿಸಿದವರು ಅವರು. ನಾನು ಎರಡನೇ ಸಲ "ಸರ್" ಅಂದಾಗ ಎಡಗಡೆಯ ಹುಬ್ಬು ಎದ್ದು, ನಿಧಾನವಾಗಿ ಇಳಿಯಿತು. ಕಣ್ಣು ತೆರೆಯಲಿಲ್ಲ.